ಹೊಸ ಪ್ರಜಾಪ್ರಭುತ್ವಗಳಲ್ಲಿ ಜನ ಏನು ನೋಡಿ ಓಟು ಹಾಕುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫಲಿತಾಂಶ ಬಂದ ಮರುದಿನ ಮೂರು ವಿವರಣೆಗಳು ಓಡಾಡುತ್ತವೆ. ದುಡ್ಡು ಕೆಲಸ ಮಾಡಿತು. ಜಾತಿ, ಬುಡಕಟ್ಟು ಕೆಲಸ ಮಾಡಿತು. ಜನರಿಗೆ ಬುದ್ಧಿ ಇಲ್ಲ. ಮೂರನೆಯದನ್ನು ನಾನು ಖಂಡಿತ ಒಪ್ಪುವುದಿಲ್ಲ. ಮೊದಲ ಎರಡರಲ್ಲಿ ಸತ್ಯ ಇದೆ, ಆದರೆ ಅಂದುಕೊಂಡಷ್ಟು ಸಲೀಸಾಗಿ ಇಲ್ಲ. ತುಂಬಾ ಜನ ಕೇಳುವ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಇಲ್ಲಿ ಯಾವ ದೇಶಗಳ ಮಾತು?

ಮಿಲಿಟರಿ ಆಡಳಿತವನ್ನೋ ಒಂದೇ ಪಕ್ಷದ ಆಡಳಿತವನ್ನೋ ಬಿಟ್ಟು, ಕಳೆದ ನಾಲ್ಕೈದು ದಶಕಗಳಲ್ಲಿ ಪೈಪೋಟಿಯ ಚುನಾವಣೆಗೆ ಬಂದ ದೇಶಗಳು. 1985ರಲ್ಲಿ ಸೇನೆ ಅಧಿಕಾರ ಬಿಟ್ಟ ಬ್ರೆಜಿಲ್, 1989ರ ಪೋಲೆಂಡ್, 1991ರ ಬೆನಿನ್, 1992ರ ಘಾನಾ, 1994ರ ದಕ್ಷಿಣ ಆಫ್ರಿಕಾ, 1999ರ ಇಂಡೊನೇಷ್ಯಾ, ಹೀಗೆ. ಮೆಕ್ಸಿಕೊ ಇನ್ನೊಂದು ಥರ. ಅಲ್ಲಿ ಚುನಾವಣೆ ತಪ್ಪದೆ ನಡೆಯುತ್ತಿತ್ತು, ಒಂದೇ ಪಕ್ಷ 71 ವರ್ಷ ಅಧಿಕಾರದಲ್ಲೇ ಇತ್ತು, 2000ದಲ್ಲಿ ಕೊನೆಗೂ ಅಧ್ಯಕ್ಷ ಸ್ಥಾನ ಕಳೆದುಕೊಂಡಿತು. ಭಾರತ 1951-52ರಿಂದ ಚುನಾವಣೆ ನಡೆಸುತ್ತಿದೆ, ಅದನ್ನು ಹೊಸದು ಅನ್ನಲಾಗದು. ಆದರೂ ಕೆಲವು ಪ್ರಶ್ನೆಗಳಿಗೆ ಅಲ್ಲಿನ ಅನುಭವವೂ ಬೇಕಾಗುತ್ತದೆ.

ಒಂದೇ ಮಾತಿನಲ್ಲಿ ಹೇಳಿ, ಜನ ನೋಡುವುದು ಏನನ್ನು?

ಯಾರ ಮಾತನ್ನು ನಂಬಬಹುದು ಅನ್ನುವುದನ್ನು.

ಹಳೆಯ ಪ್ರಜಾಪ್ರಭುತ್ವಗಳಲ್ಲಿ ಒಂದು ಪಕ್ಷ "ಆಸ್ಪತ್ರೆ ಕಟ್ಟುತ್ತೇವೆ" ಅಂದರೆ ಅದರ ಹಿಂದೆ ಹಲವು ದಶಕಗಳ ದಾಖಲೆ ಇರುತ್ತದೆ. ಹೇಳಿದ್ದನ್ನು ಮಾಡುವ ಪಕ್ಷವೋ ಅಲ್ಲವೋ ಅಂತ ಮತದಾರರಿಗೆ ಗೊತ್ತಿರುತ್ತದೆ. ಹೊಸ ದೇಶದಲ್ಲಿ ಪಕ್ಷಕ್ಕೆ ಹತ್ತು ವರ್ಷ ವಯಸ್ಸೂ ಆಗಿರುವುದಿಲ್ಲ. ನಾಯಕರು ಪಕ್ಷ ಬದಲಿಸುತ್ತಲೇ ಇರುತ್ತಾರೆ. ಪ್ರಣಾಳಿಕೆ ಎಲ್ಲರದ್ದೂ ಒಂದೇ ಥರ ಇರುತ್ತದೆ, ಎಲ್ಲರೂ ರಸ್ತೆ, ನೀರು, ಕೆಲಸ ಕೊಡುತ್ತೇವೆ ಅನ್ನುವವರೇ. ಹಾಗಿರುವಾಗ ಮತದಾರರು ಬೇರೆ ಗುರುತುಗಳನ್ನು ಹುಡುಕುತ್ತಾರೆ. ನಮ್ಮವನಾ? ಈಗಾಗಲೇ ಏನಾದರೂ ಕೊಟ್ಟಿದ್ದಾನಾ? ಕಷ್ಟಕ್ಕೆ ಕೈಗೆ ಸಿಗುತ್ತಾನಾ? ಇದು ದಡ್ಡತನ ಅಲ್ಲ. ಬೇರೆ ಮಾಹಿತಿ ಇಲ್ಲದಾಗ ಯಾರೇ ಆದರೂ ಹೀಗೆಯೇ ಯೋಚಿಸುತ್ತಾರೆ.

ಬುಡಕಟ್ಟು ನೋಡಿ ಓಟು ಹಾಕುವುದು ಜನರ ರಕ್ತದಲ್ಲೇ ಇದೆ ಅನ್ನುತ್ತಾರಲ್ಲ?

ಇಲ್ಲ. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಮಲಾವಿ ಮತ್ತು ಜಾಂಬಿಯಾ ಗಡಿಯದು. ಚೆವಾ ಮತ್ತು ತುಂಬುಕಾ ಅನ್ನುವ ಎರಡು ಸಮುದಾಯಗಳು ಗಡಿಯ ಎರಡೂ ಕಡೆ ಇವೆ. ಗಡಿ ಎಳೆದದ್ದು ವಸಾಹತು ಕಾಲದವರು, ಅಲ್ಲಿನ ಜನರನ್ನು ಕೇಳಿ ಎಳೆದದ್ದಲ್ಲ. ಗಡಿಯ ಆಚೆಗೂ ಈಚೆಗೂ ಆಯಾ ಸಮುದಾಯದ್ದು ಅದೇ ಭಾಷೆ, ಅದೇ ನಡೆನುಡಿ, ಅದೇ ಹಿನ್ನೆಲೆ. ಆದರೆ ಮಲಾವಿಯಲ್ಲಿ ಇವರಿಬ್ಬರೂ ರಾಜಕೀಯವಾಗಿ ಎದುರಾಳಿಗಳು, ಒಬ್ಬರ ಅಭ್ಯರ್ಥಿಗೆ ಇನ್ನೊಬ್ಬರು ಓಟು ಹಾಕಲು ಹಿಂಜರಿಯುತ್ತಾರೆ. ಜಾಂಬಿಯಾದಲ್ಲಿ ಇದೇ ಎರಡು ಸಮುದಾಯದವರು "ನಾವು ಪೂರ್ವದವರು" ಅಂತ ಒಟ್ಟಿಗೆ ನಿಲ್ಲುತ್ತಾರೆ.

ಯಾಕೆ ಅಂದರೆ ಎಣಿಕೆ. ಮಲಾವಿಯಲ್ಲಿ ಎರಡೂ ಸಮುದಾಯಗಳು ದೊಡ್ಡವು. ಅವುಗಳನ್ನು ಬೇರೆ ಬೇರೆಯಾಗಿ ಒಗ್ಗೂಡಿಸಿದರೆ ಪಕ್ಷಗಳಿಗೆ ಲಾಭ ಇದೆ. ಜಾಂಬಿಯಾದಲ್ಲಿ ಎರಡೂ ಸಣ್ಣವು. ಬೇರೆಯಾಗಿ ನಿಂತರೆ ಯಾರಿಗೂ ಏನೂ ಸಿಗುವುದಿಲ್ಲ, ಸೇರಿದರೆ ಮಾತ್ರ ಲೆಕ್ಕಕ್ಕೆ ಬರುತ್ತಾರೆ. ಅಂದರೆ ಜನರ ನಡುವಿನ ವ್ಯತ್ಯಾಸ ಒಂದೇ ಆಗಿದ್ದರೂ, ಅದನ್ನು ರಾಜಕೀಯಕ್ಕೆ ಬಳಸಿದರೆ ಗೆಲುವು ಸಿಗುತ್ತದೆಯೋ ಇಲ್ಲವೋ ಅನ್ನುವುದರ ಮೇಲೆ ಅದು ಜಗಳವಾಗುತ್ತದೆ ಅಥವಾ ಆಗುವುದಿಲ್ಲ.

ಕೀನ್ಯಾವನ್ನೂ ನೋಡಿ. 2007ರ ಚುನಾವಣೆಯ ನಂತರ ಅಲ್ಲಿ ನಡೆದ ಹಿಂಸಾಚಾರದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಓಟು ಬುಡಕಟ್ಟಿನ ಗೆರೆಯ ಮೇಲೇ ಬಿದ್ದಿತ್ತು. ಆದರೆ 2022ರಲ್ಲಿ ಇಬ್ಬರು ಮುಖ್ಯ ಅಭ್ಯರ್ಥಿಗಳಲ್ಲಿ ಯಾರೂ ಅಲ್ಲಿನ ಅತಿ ದೊಡ್ಡದಾದ ಕಿಕುಯು ಸಮುದಾಯದವರಲ್ಲ. ಅದೇ ಸಮುದಾಯದವರಾದ ಆಗಿನ ಅಧ್ಯಕ್ಷ ಉಹುರು ಕೆನ್ಯಾಟಾ ರೈಲಾ ಒಡಿಂಗಾ ಅವರಿಗೆ ಬೆಂಬಲ ಕೊಟ್ಟರು, ಆದರೂ ಕಿಕುಯು ಪ್ರದೇಶದ ಬಹುಪಾಲು ಓಟು ವಿಲಿಯಂ ರುಟೊ ಅವರಿಗೆ ಹೋಯಿತು. ರುಟೊ ಮಾತಾಡಿದ್ದು ದಿನದ ದುಡಿಮೆಯಲ್ಲಿ ಬದುಕುವವರ ಕಷ್ಟದ ಬಗ್ಗೆ. ಸಮುದಾಯದ ದೊಡ್ಡವರು ಹೇಳಿದ ಕಡೆಗೆ ಜನ ಕುರಿಮಂದೆಯಂತೆ ಹೋಗುತ್ತಾರೆ ಅನ್ನುವವರು ಈ ಫಲಿತಾಂಶವನ್ನು ಒಮ್ಮೆ ನೋಡಬೇಕು.

ದುಡ್ಡು ತಗೊಂಡವರು ದುಡ್ಡು ಕೊಟ್ಟವರಿಗೇ ಓಟು ಹಾಕುತ್ತಾರಾ?

ಎಷ್ಟೋ ಜನ ಹಾಕುವುದಿಲ್ಲ. ತೈವಾನ್‌ನಲ್ಲಿ 1993ರ ಒಂದು ಜಿಲ್ಲಾ ಚುನಾವಣೆಯಲ್ಲಿ ಆಳುವ ಪಕ್ಷ ಹಂಚಿದ ದುಡ್ಡಿನ ಲೆಕ್ಕ ಸಂಶೋಧಕರ ಕೈಗೆ ಸಿಕ್ಕಿತು. ದುಡ್ಡು ಪಡೆದವರಲ್ಲಿ ಕನಿಷ್ಠ ಶೇ 45ರಷ್ಟು ಮಂದಿ ಆ ಪಕ್ಷದ ಅಭ್ಯರ್ಥಿಗೆ ಓಟು ಹಾಕಿರಲಿಲ್ಲ! ಓಟು ಗುಟ್ಟಾಗಿದ್ದರೆ ದುಡ್ಡು ಕೊಟ್ಟವನಿಗೆ ಯಾವ ಖಾತ್ರಿಯೂ ಇಲ್ಲ.

ಹಾಗಾದರೆ ಯಾಕೆ ಕೊಡುತ್ತಾರೆ? ಕಾರಣ ಒಂದೇ ಅಲ್ಲ. ಮೊದಲನೆಯದು ಭಯ: ಎದುರಾಳಿ ಕೊಟ್ಟು ನಾನು ಕೊಡದಿದ್ದರೆ ಕೆಟ್ಟೆ ಅನ್ನುವ ಭಯ. ಇಂಡೊನೇಷ್ಯಾದಲ್ಲಿ ಮತದಾನದ ದಿನ ನಸುಕಿನಲ್ಲಿ ಮನೆಮನೆಗೆ ದುಡ್ಡು ಮುಟ್ಟಿಸುವುದಕ್ಕೆ "ಮುಂಜಾವಿನ ದಾಳಿ" ಅನ್ನುವ ಅರ್ಥದ ಹೆಸರೇ ಇದೆ. ಅಲ್ಲಿ 2009ರಿಂದ ಒಂದೇ ಪಕ್ಷದ ಅಭ್ಯರ್ಥಿಗಳು ತಮ್ಮ ತಮ್ಮಲ್ಲೇ ವೈಯಕ್ತಿಕ ಓಟಿಗಾಗಿ ಪೈಪೋಟಿ ಮಾಡಬೇಕಾಯಿತು. ಪಕ್ಷದ ಹೆಸರು ಇಬ್ಬರಿಗೂ ಒಂದೇ ಆಗಿರುವಾಗ ವ್ಯತ್ಯಾಸ ತೋರಿಸಲು ದುಡ್ಡು ಸುಲಭದ ದಾರಿ. ಎರಡನೆಯದು, ದುಡ್ಡು ಹೆಚ್ಚಾಗಿ ತಮ್ಮವರಿಗೇ ಹೋಗುತ್ತದೆ, ಅವರನ್ನು ಮನೆಯಿಂದ ಎಬ್ಬಿಸಿ ಮತಗಟ್ಟೆಗೆ ಕರೆತರಲು. ಬೇರೆ ಪಕ್ಷದವರ ಮನಸ್ಸು ಬದಲಿಸುವುದಕ್ಕಿಂತ ಇದು ಅಗ್ಗ, ಖಾತ್ರಿಯೂ ಜಾಸ್ತಿ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಕೊಡುವ ಕೈ ಒಂದು ಸುದ್ದಿ ಹೇಳುತ್ತದೆ. "ನನ್ನ ಹತ್ತಿರ ಶಕ್ತಿ ಇದೆ, ನಿನ್ನನ್ನು ನೋಡಿಕೊಳ್ಳಬಲ್ಲೆ" ಅಂತ. ಗೆದ್ದ ಮೇಲೆ ಯಾರೂ ಈ ಕಡೆ ತಲೆ ಹಾಕುವುದಿಲ್ಲ ಅಂತ ಗೊತ್ತಿರುವ ಮತದಾರನಿಗೆ, ಇವತ್ತು ಕೈಗೆ ಬಂದದ್ದೇ ಐದು ವರ್ಷದಲ್ಲಿ ಸಿಗುವ ಒಂದೇ ಒಂದು ಲಾಭ.

"ದುಡ್ಡು ತಗೊಳ್ಳಿ, ಓಟು ಮನಸ್ಸಿಗೆ ಬಂದವರಿಗೆ ಹಾಕಿ" ಅನ್ನುವ ಪ್ರಚಾರ ಕೆಲಸ ಮಾಡುತ್ತದೆಯೇ ಅಂತಲೂ ಕೇಳುತ್ತಾರೆ. ಸಾವೊ ಟೊಮೆ ಮತ್ತು ಪ್ರಿನ್ಸಿಪಿ ಅನ್ನುವ ಸಣ್ಣ ದ್ವೀಪ ದೇಶದಲ್ಲಿ 2006ರ ಅಧ್ಯಕ್ಷ ಚುನಾವಣೆಗೆ ಮುಂಚೆ, ಓಟು ಮಾರಾಟದ ವಿರುದ್ಧ ಮನೆಮನೆಗೆ ಹೋಗಿ ಕರಪತ್ರ ಹಂಚಿದರು. ದುಡ್ಡಿನ ಪ್ರಭಾವ ಕಡಿಮೆಯಾಯಿತು. ಜೊತೆಗೆ ಮತದಾನಕ್ಕೆ ಬರುವವರೂ ಕಡಿಮೆಯಾದರು, ಲಾಭ ಆಗಿದ್ದು ಆಗಲೇ ಅಧಿಕಾರದಲ್ಲಿದ್ದವರಿಗೆ. ಒಳ್ಳೆಯ ಉದ್ದೇಶದ ಕೆಲಸಕ್ಕೂ ಇಂಥ ಇನ್ನೊಂದು ಮುಖ ಇರುತ್ತದೆ, ಅದನ್ನು ಮುಚ್ಚಿಡಬಾರದು.

ದುಡ್ಡು ತಗೊಂಡೆ ಅಂತ ಯಾರು ತಾನೇ ಒಪ್ಪಿಕೊಳ್ಳುತ್ತಾರೆ? ಲೆಕ್ಕ ಸಿಗುವುದು ಹೇಗೆ?

ನೇರವಾಗಿ ಕೇಳಿದರೆ ಸಿಗುವುದಿಲ್ಲ. ಅದಕ್ಕೆ ಒಂದು ಜಾಣ ಉಪಾಯ ಇದೆ. ಜನರನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ, ಚುನಾವಣೆ ವೇಳೆ ನಡೆಯುವ ನಾಲ್ಕು ಸಾಮಾನ್ಯ ಸಂಗತಿಗಳ ಪಟ್ಟಿ ಕೊಟ್ಟು "ಇವುಗಳಲ್ಲಿ ಎಷ್ಟು ನಿಮಗೆ ಆಗಿವೆ, ಸಂಖ್ಯೆ ಮಾತ್ರ ಹೇಳಿ" ಅಂತ ಕೇಳುತ್ತಾರೆ. ಇನ್ನೊಂದು ಗುಂಪಿಗೆ ಅದೇ ಪಟ್ಟಿ, ಜೊತೆಗೆ "ದುಡ್ಡು ಅಥವಾ ಉಡುಗೊರೆ ಕೊಟ್ಟರು" ಅನ್ನುವ ಒಂದು ಸಾಲು ಜಾಸ್ತಿ. ಯಾವುದು ಅಂತ ಯಾರೂ ಹೇಳಬೇಕಾಗಿಲ್ಲ. ಎರಡು ಗುಂಪಿನ ಸರಾಸರಿಯ ವ್ಯತ್ಯಾಸವೇ ಉತ್ತರ. ನಿಕರಾಗುವಾದಲ್ಲಿ 2008ರ ಸ್ಥಳೀಯ ಚುನಾವಣೆಯ ನಂತರ ಹೀಗೆ ಕೇಳಿದಾಗ ಸುಮಾರು ಶೇ 24 ಅಂತ ಬಂತು. ನೇರವಾಗಿ ಕೇಳಿದಾಗ ಒಪ್ಪಿಕೊಂಡವರು ಶೇ 2 ಅಥವಾ 3 ಮಾತ್ರ.

ಓಟು ಗುಟ್ಟಾಗಿರುವುದರಿಂದ ಅಷ್ಟೊಂದು ವ್ಯತ್ಯಾಸ ಆಗುತ್ತದಾ?

ಆಗುತ್ತದೆ. ಚಿಲಿ ದೇಶದಲ್ಲಿ 1958ರವರೆಗೆ ಮತಪತ್ರಗಳನ್ನು ಪಕ್ಷಗಳೇ ಅಚ್ಚು ಹಾಕಿಸಿ ಹಂಚುತ್ತಿದ್ದವು. ದೊಡ್ಡ ಜಮೀನ್ದಾರರು ತಮ್ಮ ಜಮೀನಿನಲ್ಲಿ ದುಡಿಯುವವರ ಕೈಗೆ ಚೀಟಿ ಕೊಟ್ಟು, ಅದು ಪೆಟ್ಟಿಗೆಗೆ ಬೀಳುವುದನ್ನು ನೋಡಬಹುದಿತ್ತು. ಜಮೀನಿನ ಜೊತೆಗೆ ಅಷ್ಟು ಓಟುಗಳೂ ಬರುತ್ತಿದ್ದವು. 1958ರಲ್ಲಿ ಸರ್ಕಾರವೇ ಎಲ್ಲರ ಹೆಸರಿರುವ ಒಂದೇ ಮತಪತ್ರ ಅಚ್ಚು ಹಾಕಿಸಿತು. ಅದಾದ ಮೇಲೆ ಅಂಥ ಜಮೀನುಗಳು ಹೆಚ್ಚಿದ್ದ ಪ್ರದೇಶಗಳಲ್ಲಿ ಜಮೀನ್ದಾರರ ಪಕ್ಷಗಳ ಓಟು ಜೋರಾಗಿ ಇಳಿಯಿತು. ಜನ ಅವರೇ, ಹಳ್ಳಿ ಅದೇ. ಬದಲಾಗಿದ್ದು ಒಂದು ಕಾಗದ.

ಆದರೆ ಕಾನೂನಿನಲ್ಲಿ ಗುಟ್ಟು ಇದ್ದರೆ ಸಾಲದು, ಗುಟ್ಟು ಇದೆ ಅಂತ ಮತದಾರ ನಂಬಬೇಕು. ಮತಗಟ್ಟೆವಾರು ಎಣಿಕೆ ಹೊರಬಂದರೆ ಯಾವ ಊರು ಯಾರಿಗೆ ಹಾಕಿತು ಅನ್ನುವುದು ತಿಳಿಯುತ್ತದೆ. ಒಬ್ಬೊಬ್ಬರ ಓಟು ಗೊತ್ತಾಗದಿದ್ದರೂ "ನಿಮ್ಮ ಊರಿಗೆ ರಸ್ತೆ ಇಲ್ಲ" ಅಂತ ಹೆದರಿಸಲು ಅಷ್ಟು ಸಾಕು.

ಓದು ಬರಹ ಗೊತ್ತಿಲ್ಲದವರು ಯೋಚಿಸದೆ ಓಟು ಹಾಕುತ್ತಾರೆ ಅಲ್ವಾ?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ನೋವಾಗುತ್ತದೆ. ಬ್ರೆಜಿಲ್‌ನ ಕಥೆ ಕೇಳಿ. ಅಲ್ಲಿ ಅನಕ್ಷರಸ್ಥರಿಗೆ ಓಟಿನ ಹಕ್ಕು ಸಿಕ್ಕಿದ್ದೇ 1985ರಲ್ಲಿ. ಹಕ್ಕು ಸಿಕ್ಕರೂ ಮತಪತ್ರದಲ್ಲಿ ಅಭ್ಯರ್ಥಿಯ ಹೆಸರನ್ನೋ ಸಂಖ್ಯೆಯನ್ನೋ ಕೈಯಲ್ಲಿ ಬರೆಯಬೇಕಿತ್ತು. ರಾಶಿ ರಾಶಿ ಓಟುಗಳು ಅಸಿಂಧುವಾಗುತ್ತಿದ್ದವು. ಆಮೇಲೆ ಮತಯಂತ್ರ ಬಂತು: ಸಂಖ್ಯೆ ಒತ್ತಿದರೆ ಅಭ್ಯರ್ಥಿಯ ಫೋಟೊ ಕಾಣುತ್ತದೆ, ಸರಿ ಇದ್ದರೆ ಇನ್ನೊಂದು ಗುಂಡಿ ಒತ್ತಬೇಕು, ಅಷ್ಟೇ. 1998ರಲ್ಲಿ 40,500ಕ್ಕಿಂತ ಹೆಚ್ಚು ಮತದಾರರಿರುವ ಪುರಸಭೆಗಳಿಗೆ ಮಾತ್ರ ಯಂತ್ರ ಕೊಟ್ಟಿದ್ದರಿಂದ, ಯಂತ್ರ ಇದ್ದ ಕಡೆಗೂ ಇಲ್ಲದ ಕಡೆಗೂ ಆದ ವ್ಯತ್ಯಾಸವನ್ನು ಅಳೆಯಲು ಆಯಿತು. ಅಸಿಂಧು ಓಟುಗಳು ಧುತ್ತನೆ ಇಳಿದವು. ಹೀಗೆ ಲೆಕ್ಕಕ್ಕೆ ಬಂದ ಓಟುಗಳು ಬಹುಪಾಲು ಕಡಿಮೆ ಓದಿದವರದ್ದು. ಮುಂದಿನ ವರ್ಷಗಳಲ್ಲಿ ರಾಜ್ಯ ಸರ್ಕಾರಗಳ ಖರ್ಚು ಬಡವರು ಬಳಸುವ ಆರೋಗ್ಯ ಸೇವೆಯ ಕಡೆಗೆ ತಿರುಗಿತು, ಕಡಿಮೆ ಓದಿದ ತಾಯಂದಿರಿಗೆ ತೂಕ ಕಡಿಮೆ ಇರುವ ಮಕ್ಕಳು ಹುಟ್ಟುವುದು ಇಳಿಯಿತು. ಅವರಿಗೆ ಏನು ಬೇಕು ಅನ್ನುವುದು ಅವರಿಗೆ ಮೊದಲೇ ಗೊತ್ತಿತ್ತು. ಅದನ್ನು ಹೇಳಲು ದಾರಿ ಇರಲಿಲ್ಲ.

ಬೆಲೆ ಏರಿಕೆ, ಕೆಲಸ ಇಲ್ಲದಿರುವುದು ಇವೆಲ್ಲ ಓಟಿಗೆ ಬರುತ್ತವಾ?

ಖಂಡಿತ. ಪೋಲೆಂಡ್ ಮತ್ತು ಹಂಗೆರಿಯ ಜನ ಕಮ್ಯುನಿಸ್ಟ್ ಆಡಳಿತವನ್ನು ಕಿತ್ತುಹಾಕಿದ ನಾಲ್ಕೈದು ವರ್ಷದಲ್ಲೇ, 1993 ಮತ್ತು 1994ರಲ್ಲಿ, ಅದೇ ಹಳೆಯ ಪಕ್ಷಗಳ ಉತ್ತರಾಧಿಕಾರಿಗಳನ್ನು ಗೆಲ್ಲಿಸಿದರು. ಹಳೆಯ ಆಡಳಿತ ಮತ್ತೆ ಬೇಕು ಅಂತ ಅಲ್ಲ, ಸುಧಾರಣೆಯ ಹೆಸರಲ್ಲಿ ಬಂದ ಕಷ್ಟ ತಡೆಯಲಾಗದೆ. ಘಾನಾದಲ್ಲಿ 2022ರ ಕೊನೆಗೆ ಬೆಲೆ ಏರಿಕೆ ಶೇ 50 ದಾಟಿತ್ತು. 2024ರ ಡಿಸೆಂಬರ್‌ನಲ್ಲಿ ಆಳುವ ಪಕ್ಷ ಸೋತಿತು, 2016ರಲ್ಲಿ ಜನರೇ ಕೆಳಗಿಳಿಸಿದ್ದ ಜಾನ್ ಮಹಾಮಾ ವಾಪಸ್ ಬಂದರು.

ಜಾಂಬಿಯಾದ 2021ರ ಫಲಿತಾಂಶ ಇನ್ನೂ ಸ್ವಾರಸ್ಯಕರ. ಹಕೈಂಡೆ ಹಿಚಿಲೆಮಾ ಐದು ಸಲ ಸೋತಿದ್ದವರು. "ಆತ ದಕ್ಷಿಣದ ಒಂದು ಬುಡಕಟ್ಟಿನ ನಾಯಕ ಅಷ್ಟೇ" ಅಂತ ವಿರೋಧಿಗಳು ಹೇಳುತ್ತಲೇ ಇದ್ದರು. 2020ರಲ್ಲಿ ದೇಶ ವಿದೇಶಿ ಸಾಲ ಕಟ್ಟಲಾಗದೆ ಕೈಚೆಲ್ಲಿತು. ಮರುವರ್ಷ ಹಿಚಿಲೆಮಾ ಸುಮಾರು 10 ಲಕ್ಷ ಓಟಿನ ಅಂತರದಲ್ಲಿ ಗೆದ್ದರು. ಅವರ ಬುಡಕಟ್ಟು ಬದಲಾಗಿರಲಿಲ್ಲ, ಜನರ ಜೇಬು ಬದಲಾಗಿತ್ತು.

ಒಂದು ಅನ್ಯಾಯವೂ ಇಲ್ಲಿದೆ. ತಾಮ್ರ, ಎಣ್ಣೆ ಇಂಥವುಗಳನ್ನು ಮಾರಿ ಬದುಕುವ ದೇಶಗಳಲ್ಲಿ ಬೆಲೆ ನಿರ್ಧಾರವಾಗುವುದು ಹೊರಗಿನ ಮಾರುಕಟ್ಟೆಯಲ್ಲಿ. ಅದೃಷ್ಟವಂತ ಅಧ್ಯಕ್ಷನಿಗೆ ಹೊಗಳಿಕೆ, ದುರದೃಷ್ಟದವನಿಗೆ ಸೋಲು. ಲ್ಯಾಟಿನ್ ಅಮೆರಿಕದಲ್ಲಿ ಇದನ್ನು ಚೆನ್ನಾಗಿ ಗುರುತಿಸಿದ್ದಾರೆ.

ಭ್ರಷ್ಟ ಅಂತ ಗೊತ್ತಿದ್ದೂ ಯಾಕೆ ಗೆಲ್ಲಿಸುತ್ತಾರೆ?

ಮೊದಲು, ನಿಜವಾಗಿ ಗೊತ್ತಿರುತ್ತದಾ ಅಂತ ಕೇಳಬೇಕು. ಬ್ರೆಜಿಲ್ 2003ರಲ್ಲಿ ಪುರಸಭೆಗಳನ್ನು ಲಾಟರಿ ಎತ್ತಿ ಆರಿಸಿ ಲೆಕ್ಕ ತಪಾಸಣೆ ಶುರು ಮಾಡಿತು. 2004ರ ಚುನಾವಣೆಗೆ ಮುಂಚೆ ವರದಿ ಹೊರಬಂದ ಕಡೆ ಭ್ರಷ್ಟ ಮೇಯರ್‌ಗಳು ಮರುಆಯ್ಕೆಯಾಗುವುದು ಕಡಿಮೆಯಾಯಿತು, ಸ್ಥಳೀಯ ರೇಡಿಯೊ ಇದ್ದ ಕಡೆ ಇನ್ನೂ ಹೆಚ್ಚು. ರೇಡಿಯೊ ಇದ್ದಲ್ಲಿ ಪ್ರಾಮಾಣಿಕ ಮೇಯರ್‌ಗಳಿಗೆ ಲಾಭವೂ ಆಯಿತು.

ಇದನ್ನು ನೋಡಿ ಎಲ್ಲರೂ "ಮಾಹಿತಿ ಕೊಟ್ಟರೆ ಸಾಕು" ಅಂದುಕೊಂಡರು. ಸಾಲಲಿಲ್ಲ. ಮೆಕ್ಸಿಕೊದಲ್ಲಿ 2009ರ ಸ್ಥಳೀಯ ಚುನಾವಣೆಗೆ ಮುಂಚೆ ಭ್ರಷ್ಟಾಚಾರದ ವಿವರ ಇರುವ ಕರಪತ್ರ ಹಂಚಿದಾಗ, ಅಧಿಕಾರದಲ್ಲಿದ್ದ ಪಕ್ಷದ ಓಟು ಇಳಿಯಿತು, ಎದುರಾಳಿಯ ಓಟೂ ಇಳಿಯಿತು, ಮತಗಟ್ಟೆಗೆ ಬಂದವರೇ ಕಡಿಮೆ. ಜನ ಬೇಸತ್ತು ಮನೆಯಲ್ಲೇ ಉಳಿದರು. ಆಮೇಲೆ ಬೆನಿನ್, ಬ್ರೆಜಿಲ್, ಬುರ್ಕಿನಾ ಫಾಸೊ, ಮೆಕ್ಸಿಕೊ, ಉಗಾಂಡಾ ಹೀಗೆ ಹಲವು ದೇಶಗಳಲ್ಲಿ ಒಂದೇ ಮಾದರಿಯ ಪ್ರಯೋಗ ಮಾಡಿದರು. 2019ರಲ್ಲಿ ಬಂದ ಒಟ್ಟು ಫಲಿತಾಂಶ: ಅಭ್ಯರ್ಥಿಗಳ ಸಾಧನೆಯ ಬಗ್ಗೆ ಒಬ್ಬೊಬ್ಬರಿಗೆ ಮಾಹಿತಿ ಕೊಟ್ಟರೆ ಸರಾಸರಿ ಲೆಕ್ಕದಲ್ಲಿ ಓಟು ಬದಲಾಗಲಿಲ್ಲ.

ನನ್ನ ಅಭಿಪ್ರಾಯ ಹೇಳುತ್ತೇನೆ. ಅಪರಿಚಿತರೊಬ್ಬರು ಕೈಗೆ ಕೊಟ್ಟ ಚೀಟಿಗೂ, ಊರೆಲ್ಲ ಒಟ್ಟಿಗೆ ಕೇಳಿದ ರೇಡಿಯೊ ಸುದ್ದಿಗೂ ಬಹಳ ವ್ಯತ್ಯಾಸ ಇದೆ. ಚೀಟಿ ಓದಿದವನಿಗೆ ಗೊತ್ತಾಗುವುದು ತನಗೆ ಮಾತ್ರ ಗೊತ್ತು ಅಂತ. ರೇಡಿಯೊ ಕೇಳಿದವನಿಗೆ ಪಕ್ಕದ ಮನೆಯವನಿಗೂ ಗೊತ್ತು ಅಂತ ಗೊತ್ತಾಗುತ್ತದೆ. ಒಬ್ಬನೇ ಓಟು ಬದಲಿಸಿದರೆ ಏನೂ ಆಗದು, ಹಾಗಾಗಿ ಈ ಎರಡನೆಯ ತಿಳಿವಳಿಕೆ ಬೇಕು. ಜೊತೆಗೆ, ನಂಬಿಕೆಗೆ ತಕ್ಕ ಇನ್ನೊಬ್ಬ ಅಭ್ಯರ್ಥಿಯೂ ಬೇಕು. ಇಬ್ಬರೂ ಕಳ್ಳರು ಅನ್ನಿಸಿದಾಗ ನಮ್ಮ ಕಳ್ಳನೇ ವಾಸಿ ಅನ್ನಿಸುವುದು ಸಹಜ.

ಊರಿಗೆ, ನಮ್ಮವರಿಗೆ ಅಂತ ಕೊಡುವ ಭರವಸೆ ಹೆಚ್ಚು ಕೆಲಸ ಮಾಡುತ್ತದಾ, ದೇಶಕ್ಕೆಲ್ಲ ಅನ್ನುವ ಭರವಸೆಯಾ?

ಬೆನಿನ್‌ನಲ್ಲಿ 2001ರ ಅಧ್ಯಕ್ಷ ಚುನಾವಣೆಯಲ್ಲಿ ಇದನ್ನು ಪ್ರಯೋಗ ಮಾಡಿಯೇ ನೋಡಿದರು, ನಿಜವಾದ ಅಭ್ಯರ್ಥಿಗಳು ಒಪ್ಪಿಕೊಂಡು. ಕೆಲವು ಹಳ್ಳಿಗಳಲ್ಲಿ "ನಿಮ್ಮ ಭಾಗಕ್ಕೆ ಇದು ಮಾಡುತ್ತೇವೆ, ನಿಮ್ಮವರಿಗೆ ಸರ್ಕಾರಿ ಕೆಲಸ ಕೊಡುತ್ತೇವೆ" ಅನ್ನುವ ಮಾತು ಮಾತ್ರ, ಕೆಲವು ಕಡೆ ದೇಶಕ್ಕೆಲ್ಲ ಅನ್ವಯಿಸುವ ಯೋಜನೆಯ ಮಾತು ಮಾತ್ರ. ಮೊದಲನೆಯದೇ ಜಾಸ್ತಿ ಓಟು ತಂದಿತು, ಅದರಲ್ಲೂ ಆಗಲೇ ಅಧಿಕಾರದಲ್ಲಿದ್ದವರಿಗೆ. ಯಾಕೆಂದರೆ ಕೊಡುವ ಶಕ್ತಿ ಇರುವುದು ಅವರಿಗೇ. ನಂಬಿಕೆಯ ಪ್ರಶ್ನೆ ಮತ್ತೆ ಬಂತು ನೋಡಿ. ಹೆಂಗಸರು ಮಾತ್ರ ದೇಶಮಟ್ಟದ ಯೋಜನೆಗಳ ಮಾತಿಗೆ ಗಂಡಸರಿಗಿಂತ ಹೆಚ್ಚು ಕಿವಿಗೊಟ್ಟರು. ಸರ್ಕಾರಿ ಕೆಲಸವಾಗಲಿ ಗುತ್ತಿಗೆಯಾಗಲಿ ಅವರ ಪಾಲಿಗೆ ಬರುವುದೇ ಅಪರೂಪ, ಆರೋಗ್ಯ ಕೇಂದ್ರವಾದರೆ ಅವರಿಗೂ ಸಿಗುತ್ತದೆ.

ಸರ್ಕಾರದ ಸಹಾಯಧನ ಪಡೆದು ಸರ್ಕಾರಕ್ಕೆ ಓಟು ಹಾಕುವುದನ್ನೂ ಓಟು ಮಾರಾಟ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿಯಮ ಬರೆದಿಟ್ಟು, ಯಾರಿಗೆ ಓಟು ಹಾಕಿದರೂ ಅರ್ಹತೆ ಇದ್ದವರಿಗೆಲ್ಲ ಸಿಕ್ಕರೆ ಅದು ಹಕ್ಕು. ಮಧ್ಯವರ್ತಿಯ ಮರ್ಜಿಯಲ್ಲಿ ಸಿಕ್ಕರೆ ಹಂಗು. ಮೆಕ್ಸಿಕೊದಲ್ಲಿ ಇಂಥ ಯೋಜನೆಗಳ ಕಾಗದಪತ್ರದ ಮೇಲೆ "ಈ ಕಾರ್ಯಕ್ರಮ ಯಾವ ಪಕ್ಷದ್ದೂ ಅಲ್ಲ" ಅನ್ನುವ ಅರ್ಥದ ಸಾಲು ಇರಲೇಬೇಕು ಅಂತ ಕಾನೂನು ಮಾಡಿದ್ದು ಇದಕ್ಕೇ.

ಹೆಂಗಸರು ಗಂಡ ಹೇಳಿದವರಿಗೇ ಹಾಕುತ್ತಾರಾ?

ಬೆನಿನ್ ಉತ್ತರ ಮೇಲೇ ಇದೆ. ಪಾಕಿಸ್ತಾನದ ಸಿಂಧ್‌ನಲ್ಲಿ 2008ರ ಚುನಾವಣೆಗೆ ಮುಂಚೆ ಮನೆಮನೆಗೆ ಹೋಗಿ ಹೆಂಗಸರಿಗೆ ಓಟಿನ ಮಹತ್ವ, ಓಟು ಗುಟ್ಟಾಗಿರುತ್ತದೆ ಅನ್ನುವುದನ್ನು ತಿಳಿಸಿದಾಗ ಹೆಚ್ಚು ಹೆಂಗಸರು ಬಂದು ಓಟು ಹಾಕಿದರು, ಅಕ್ಕಪಕ್ಕದ ಮನೆಯವರೂ ಬಂದರು. ಭಾರತದಲ್ಲಿ 1962ರಲ್ಲಿ ಹೆಂಗಸರ ಮತದಾನ ಗಂಡಸರಿಗಿಂತ ಸುಮಾರು 16 ಶೇಕಡಾ ಅಂಶ ಹಿಂದಿತ್ತು. 2019ರ ಹೊತ್ತಿಗೆ ಕೂದಲೆಳೆಯಷ್ಟು ಮುಂದಾಗಿತ್ತು.

ವಾಟ್ಸ್‌ಆ್ಯಪ್, ಫೇಸ್‌ಬುಕ್ ಎಲ್ಲವನ್ನೂ ಬದಲಿಸಿಬಿಟ್ಟಿವೆ ಅಲ್ವಾ?

ಸುಳ್ಳು ಹರಡುವ ವೇಗ ಬದಲಾಗಿದೆ. 2018ರ ಬ್ರೆಜಿಲ್ ಚುನಾವಣೆಯಲ್ಲಿ ಅದು ದೊಡ್ಡ ಗಲಾಟೆಯಾಯಿತು, 2019ರಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸುವ ಮಿತಿಯನ್ನು ವಾಟ್ಸ್‌ಆ್ಯಪ್ ಎಲ್ಲ ದೇಶಗಳಿಗೂ ತಂದಿತು. ಆದರೆ ಒಳ್ಳೆಯದಕ್ಕೂ ಮಾಧ್ಯಮ ಬಳಸಬಹುದು. ಸಿಯೆರಾ ಲಿಯೋನ್‌ನಲ್ಲಿ 2012ರಲ್ಲಿ ಸಂಸತ್ ಅಭ್ಯರ್ಥಿಗಳ ಚರ್ಚೆಯನ್ನು ಚಿತ್ರೀಕರಿಸಿ, ಊರೂರಿಗೆ ಪರದೆ ಹೊತ್ತು ಹೋಗಿ ಎಲ್ಲರ ಮುಂದೆ ತೋರಿಸಿದರು. ಜನರಿಗೆ ಅಭ್ಯರ್ಥಿಗಳ ಬಗ್ಗೆ ತಿಳಿವಳಿಕೆ ಹೆಚ್ಚಿತು, ಚರ್ಚೆಯಲ್ಲಿ ಚೆನ್ನಾಗಿ ಮಾತಾಡಿದವರ ಕಡೆಗೆ ಓಟು ಸ್ವಲ್ಪ ವಾಲಿತು. ಬಲವಾದ ಪಕ್ಷನಿಷ್ಠೆ ಇರುವ ದೇಶದಲ್ಲೇ ಇದು ಆಗಿದ್ದು.

ಹೊಸ ತಲೆಮಾರಿನವರು ಬೇರೆ ಥರ ಓಟು ಹಾಕುತ್ತಾರಾ?

ಹಳೆಯ ಋಣ ಅವರಿಗೆ ಇರುವುದಿಲ್ಲ. ಸ್ವಾತಂತ್ರ್ಯ ತಂದುಕೊಟ್ಟ ಪಕ್ಷ ಅನ್ನುವ ಕೃತಜ್ಞತೆ ಅಜ್ಜ ಅಜ್ಜಿಯರ ಜೊತೆಗೇ ಕಡಿಮೆಯಾಗುತ್ತಾ ಹೋಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 1994ರಿಂದ ಬಹುಮತ ಬಿಟ್ಟುಕೊಡದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ 2024ರಲ್ಲಿ ಸುಮಾರು ಶೇ 40ಕ್ಕೆ ಇಳಿಯಿತು. ಸೆನೆಗಲ್‌ನಲ್ಲಿ ಅದೇ ವರ್ಷ ಬಸಿರು ಜೊಮಾಯ್ ಫಾಯ್ ಜೈಲಿನಿಂದ ಹೊರಬಂದ ಹತ್ತೇ ದಿನದಲ್ಲಿ ಅಧ್ಯಕ್ಷ ಚುನಾವಣೆಯನ್ನು ಮೊದಲ ಸುತ್ತಿನಲ್ಲೇ ಗೆದ್ದರು, ಅದರಲ್ಲಿ ಯುವಕ ಯುವತಿಯರ ಕೈ ದೊಡ್ಡದು. ಬೇಜಾರಿನ ವಿಷಯ ಅಂದರೆ ಬಹಳಷ್ಟು ಯುವಜನ ಹೆಸರನ್ನೇ ನೋಂದಾಯಿಸುವುದಿಲ್ಲ.

ಒಳ್ಳೆಯ ಅಭ್ಯರ್ಥಿ ಅಂತ ಗೊತ್ತಿದ್ದರೂ "ಗೆಲ್ಲಲ್ಲ ಬಿಡಿ" ಅಂತ ಬೇರೆಯವರಿಗೆ ಯಾಕೆ ಹಾಕುತ್ತಾರೆ?

ಓಟು ವ್ಯರ್ಥವಾಗಬಾರದು ಅಂತ. ಇದಕ್ಕೆ ಚುನಾವಣೆಯ ನಿಯಮವೇ ಮುಖ್ಯ ಕಾರಣ. ಒಬ್ಬರಿಗಿಂತ ಒಬ್ಬರು ಒಂದು ಓಟು ಜಾಸ್ತಿ ಪಡೆದರೆ ಗೆಲುವು ಅನ್ನುವ ಕಡೆ ಗೆಲ್ಲುವ ಕುದುರೆಯನ್ನೇ ನೋಡಬೇಕಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಓಟು ಬೇಕು, ಇಲ್ಲದಿದ್ದರೆ ಎರಡನೇ ಸುತ್ತು ಅನ್ನುವ ಕಡೆ ಮೊದಲ ಸುತ್ತಿನಲ್ಲಿ ಮನಸ್ಸಿಗೆ ಬಂದವರಿಗೆ ಹಾಕಬಹುದು.

ಮಲಾವಿಯಲ್ಲಿ ಈ ಎರಡೂ ನಿಯಮಗಳನ್ನು ಒಂದರ ಹಿಂದೆ ಒಂದು ನೋಡಲು ಸಿಕ್ಕಿತು. 2019ರ ಮೇ ತಿಂಗಳಲ್ಲಿ ಪೀಟರ್ ಮುತಾರಿಕಾ ಶೇ 38ರ ಚಿಲ್ಲರೆ ಓಟಿನಲ್ಲೇ ಗೆದ್ದರು ಅಂತ ಘೋಷಣೆಯಾಯಿತು. ಫಲಿತಾಂಶದ ಹಾಳೆಗಳಲ್ಲಿ ಬಿಳಿ ಬಣ್ಣ ಹಚ್ಚಿ ಅಂಕಿ ತಿದ್ದಿದ್ದು ಹೊರಬಂತು, ಜನ ತಿಂಗಳುಗಟ್ಟಲೆ ಬೀದಿಗಿಳಿದರು. 2020ರ ಫೆಬ್ರವರಿಯಲ್ಲಿ ನ್ಯಾಯಾಲಯ ಚುನಾವಣೆಯನ್ನೇ ರದ್ದು ಮಾಡಿತು, ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಓಟು ಬೇಕು ಅಂತಲೂ ಹೇಳಿತು. ಬೇರೆ ಬೇರೆ ಪ್ರದೇಶಗಳಲ್ಲಿ ಬಲ ಇದ್ದ, ಹಿಂದಿನ ವರ್ಷ ಬೇರೆ ಬೇರೆಯಾಗಿ ನಿಂತಿದ್ದ ವಿರೋಧ ಪಕ್ಷಗಳು ಈಗ ಕೂಡಲೇಬೇಕಾಯಿತು. ಜೂನ್‌ನಲ್ಲಿ ಮರುಚುನಾವಣೆ ನಡೆದಾಗ ಒಕ್ಕೂಟದ ಅಭ್ಯರ್ಥಿ ಲಾಜರಸ್ ಚಕ್ವೆರಾ ಶೇ 58ಕ್ಕಿಂತ ಹೆಚ್ಚು ಓಟು ಪಡೆದು ಅಧ್ಯಕ್ಷರಾದರು. ಹದಿಮೂರು ತಿಂಗಳ ಹಿಂದೆ ಸಾಲಿನಲ್ಲಿ ನಿಂತಿದ್ದ ಮತದಾರರಲ್ಲಿ ಬಹುಪಾಲು ಮಂದಿ ಈ ಸಲವೂ ಅದೇ ಸಾಲಿನಲ್ಲಿದ್ದರು.